ಗುಳ್ಳೆ ಬಾರದ ಲ್ಯಾಮಿನೇಶನ್

ನನ್ನ ಯಜಮಾನರು ಜೀವಮಾನದಲ್ಲಿ ಒಂದು ಗಡಿಯನ್ನೂ ದಾಟಿದವರಲ್ಲ. ಆದರೆ ಯಾವ ದೇಶದ ವೀಸಾಕ್ಕೆ ಫೋಟೊದಲ್ಲಿ ಕಿವಿ ಕಾಣಬೇಕು, ಯಾವ ದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳು ಉಳಿದಿರಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಬಸ್ ನಿಲ್ದಾಣದ ಎದುರು ಅವರದೊಂದು ಜೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ. ಎರಡು ಹಾಳೆ ಜೆರಾಕ್ಸ್ ಮಾಡಿಸಲು ಬಂದವರು ಒಂದು ಗಂಟೆ ಉಪದೇಶ ಕೇಳಿಸಿಕೊಂಡು ಹೋಗಬೇಕು. ಬೀದಿಯವರು ಅವರನ್ನು ರಾಯಭಾರಿ ಎಂದು ಕರೆಯುತ್ತಾರೆ. ಅದು ಗೇಲಿ ಎಂದು ಅವರಿಗೆ ಇವತ್ತಿಗೂ ತಿಳಿದಿಲ್ಲ, ನಾನೂ ಹೇಳಲು ಹೋಗಿಲ್ಲ.

ಪರದೇಶದಲ್ಲಿರುವ ಮಗಳಿಗೆ ಇದು ಚೊಚ್ಚಲ ಬಸಿರು. "ಅಮ್ಮಾ, ಹೆರಿಗೆ ಹೊತ್ತಿಗೆ ನೀನು ಪಕ್ಕದಲ್ಲಿರ್ಬೇಕು, ನಂಗೆ ಭಯ" ಎಂದಳು. ನಾನಾದರೆ ಮರುದಿನವೇ ಅರ್ಜಿ ಹಾಕುತ್ತಿದ್ದೆ. ರಾಯಭಾರಿಗಳು ಬಿಡಬೇಕಲ್ಲ!

"ಅವಸರ ಮಾಡ್ಬೇಡ ಕಣೇ. ಮೊದ್ಲು ರೂಲ್ಸ್ ಎಲ್ಲಾ ಓದ್ಬೇಕು" ಎಂದು ಕಂಪ್ಯೂಟರಿನ ಮುಂದೆ ಕೂತವರು ಒಂದು ತಿಂಗಳು ಮೇಲೇಳಲಿಲ್ಲ. ಕೊನೆಗೆ ನಲವತ್ತೊಂದು ಕಾಗದಗಳ ಫೈಲು ತಯಾರಾಯಿತು. ಮದುವೆ ಪ್ರಮಾಣಪತ್ರ, ಮಗಳ ಆಹ್ವಾನ ಪತ್ರ, ಆಸ್ಪತ್ರೆಯ ಚೀಟಿ. ನಾನು ಖಂಡಿತ ವಾಪಸು ಬರುತ್ತೇನೆ ಎಂಬುದಕ್ಕೂ ಪುರಾವೆ ಬೇಕಿತ್ತಂತೆ. ಅದಕ್ಕೆ ತಮ್ಮದೊಂದು ಫೋಟೊ ಲಗತ್ತಿಸಿದ್ದರು. ಅದನ್ನು ನೋಡಿದ ಮೇಲೆ ಯಾರಾದರೂ ವಾಪಸು ಬರುವುದು ಅನುಮಾನವೇ.

ಹೆರಿಗೆಗೆ ಮೂರು ವಾರವಿದ್ದಾಗ ವೀಸಾ ಕೇಂದ್ರಕ್ಕೆ ಹೋದೆವು. ಕೌಂಟರಿನ ಹುಡುಗಿ ನಲವತ್ತು ಕಾಗದ ನೋಡಿ ತಲೆದೂಗಿದಳು. ಯಜಮಾನರ ಎದೆ ಉಬ್ಬಿತು. ನಲವತ್ತೊಂದನೆಯದು ನನ್ನ ಪಾಸ್‌ಪೋರ್ಟು. ಅವಳು ಅದರ ಫೋಟೊ ಪುಟವನ್ನು ಉಗುರಿನಿಂದ ಕೆರೆದಳು.

"ಇದ್ರ ಮೇಲೆ ಪ್ಲಾಸ್ಟಿಕ್ ಹಾಕಿದ್ಯಾರು?"

"ನಾನೇ!" ಎಂದರು ಯಜಮಾನರು. ಮೆಚ್ಚುಗೆಗೆ ಕಾಯುತ್ತಿದ್ದರು, ಪುಣ್ಯಾತ್ಮ.

"ಸರ್, ಇದು ಇನ್ನು ನಡೆಯಲ್ಲ. ಹೊಸ ಪಾಸ್‌ಪೋರ್ಟ್ ಮಾಡಿಸ್ಬೇಕು, ಆರು ವಾರ ಆಗುತ್ತೆ. ಲ್ಯಾಮಿನೇಟ್ ಮಾಡ್ಬಾರ್ದು ಅಂತ ಮೊದಲನೇ ರೂಲ್ಸೇ ಇದ್ಯಲ್ಲ, ಓದಿಲ್ವಾ?"

"ಓದಿದ್ದೆ. ಆದ್ರೆ ಅದು ಬೇರೆಯವ್ರು ಮಾಡೋ ಲ್ಯಾಮಿನೇಶನ್‌ಗೆ ಅಂದ್ಕೊಂಡೆ. ನಂದ್ರಲ್ಲಿ ಗುಳ್ಳೆ ಬರಲ್ಲ ಮೇಡಂ, ಬೇಕಾದ್ರೆ ನೋಡಿ."

ಹಿಂದಿನ ಸಾಲಿನಲ್ಲಿದ್ದವರು ನಕ್ಕರು. ಬೀದಿಯ ಅರ್ಧ ಜನರನ್ನು ವಿಮಾನ ಹತ್ತಿಸಿದ ಮನುಷ್ಯ ಸ್ವಂತ ಹೆಂಡತಿಯನ್ನು ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸೀಲು ಮಾಡಿ ಮನೆಯಲ್ಲಿ ಕೂರಿಸಿದ್ದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ.

ಮೂರನೆಯ ದಿನ ಮಗಳು ಫೋನಿನಲ್ಲಿ ಅತ್ತಳು. ಅಲ್ಲಿ ಯಾರಾದರೂ ಇರಲೇಬೇಕಿತ್ತು. ಬೀಗಿತ್ತಿಯ ಮನೆ ಮೂರು ಬೀದಿಯಾಚೆ, ಅವರ ಪಾಸ್‌ಪೋರ್ಟಿಗೆ ಪ್ಲಾಸ್ಟಿಕ್ಕಿನ ಯೋಗ ಬಂದಿರಲಿಲ್ಲ. ಕೇಳಿದ ಕೂಡಲೇ ಒಪ್ಪಿದರು. ಒಪ್ಪಿದ ರೀತಿ ನೋಡಿದರೆ ಪೆಟ್ಟಿಗೆ ಆಗಲೇ ಕಟ್ಟಿಟ್ಟಿದ್ದರೋ ಏನೋ.

ಯಜಮಾನರು ಉಸಿರೆತ್ತದೆ ಅವರ ಫೈಲನ್ನು ಒಂದೇ ದಿನದಲ್ಲಿ ಸಿದ್ಧ ಮಾಡಿದರು. "ನಂಗೆ ಧೈರ್ಯ ಇಲ್ಲ, ನೀನೇ ಒಂದ್ಸಲ ನೋಡು" ಎಂದು ನನ್ನ ಕೈಗೆ ಕೊಟ್ಟರು. ಒಂದೊಂದೇ ಹಾಳೆ ತಿರುವಿದೆ. ಎಲ್ಲ ಇತ್ತು. ಅರ್ಜಿಯ ಕೊನೆಯ ಪುಟದಲ್ಲಿ ಬೀಗಿತ್ತಿಯ ಸಹಿಯೊಂದಿರಲಿಲ್ಲ.

"ಸರಿ ಇದ್ಯಾ?" ಎಂದರು ಯಜಮಾನರು.

ಇದೆ ಎಂದುಬಿಟ್ಟರೆ ಮುಗಿಯಿತು. ನನ್ನ ಮೊಮ್ಮಗುವನ್ನು ನನಗಿಂತ ಮೊದಲು ಬೀಗಿತ್ತಿ ಎತ್ತಿಕೊಳ್ಳುವುದು ತಪ್ಪುತ್ತಿತ್ತು, ದೋಷವೆಲ್ಲ ರಾಯಭಾರಿಗಳ ತಲೆಗೆ ಹೋಗುತ್ತಿತ್ತು. ಫೈಲನ್ನು ಮುಚ್ಚಿದೆ. ಸುಳ್ಳೇಕೆ, ಅದರ ದಾರವನ್ನೂ ಕಟ್ಟಿದೆ. ಆಮೇಲೆ ಫೈಲನ್ನು ಕಂಕುಳಿಗಿಟ್ಟು ಚಪ್ಪಲಿ ಮೆಟ್ಟಿದೆ.

ಬೀಗಿತ್ತಿ ಬಾಗಿಲಲ್ಲೇ ನಿಂತು ಸಹಿ ಹಾಕಿದರು. "ಅವಳಿಗೆ ಏನಾದ್ರೂ ಹೇಳ್ಬೇಕಾ?" ಎಂದು ಕೇಳಿದರು.

"ನರ್ಸು ಮಗೂನ ಮೊದ್ಲು ನಿಮ್ ಕೈಗೇ ಕೊಡ್ತಾರೆ. ಕತ್ತಿನ ಕೆಳಗೆ ಕೈ ಕೊಟ್ಟು ಎತ್ಕೊಳ್ಳಿ" ಎಂದೆ.

"ನಾಲ್ಕು ಹೆತ್ತಿದ್ದೀನಲ್ಲ ಬೀಗರೇ, ಗೊತ್ತು" ಎಂದರು.

ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಆದರೂ ಎರಡು ಕೈಗಳನ್ನೂ ಮುಂದೆ ಚಾಚಿ, ಹೇಗೆ ಎತ್ತಿಕೊಳ್ಳಬೇಕೆಂದು ಇನ್ನೊಮ್ಮೆ ತೋರಿಸಿದೆ.