ಕೆಂಪು ಬಿಲ್ಲೆ

ಬೆಳಗಾದರೆ ಆ ಮನೆಯ ಒಂದೇ ಕನ್ನಡಿಯ ಮುಂದೆ ಮೂವರ ಜಗಳ. ಅಜ್ಜಿಗೆ ತುರುಬು ಕಟ್ಟಬೇಕು, ಸೊಸೆಗೆ ತಲೆಗೆ ಬಟ್ಟೆ ಬಿಗಿಯಬೇಕು, ಮೊಮ್ಮಗಳಿಗೆ ಸುಮ್ಮನೆ ನೋಡಿಕೊಳ್ಳಬೇಕು. ಮೂವರೂ ಹೋಗುತ್ತಿದ್ದುದು ಒಂದೇ ಐಸ್‌ಕ್ರೀಮ್ ಕಾರ್ಖಾನೆಗೆ. ಮೊಮ್ಮಗಳು ಮಾತ್ರ ಬೇಸಿಗೆ ರಜೆಯಲ್ಲಿ. ಹದಿನೈದರ ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದರು. ಅವಳು ಬಾಯಿ ಮುಚ್ಚಿ ಕೂತದ್ದನ್ನು ಕಂಡವರಿರಲಿಲ್ಲ.

ಕಾರ್ಖಾನೆಯ ಗೇಟಿನಲ್ಲಿ ಎರಡು ಹಲಗೆಗಳು. ಒಂದು ಒಳಗಿದ್ದವರದು, ಇನ್ನೊಂದು ಹೊರಗೆ ಹೋದವರದು. ಪ್ರತಿಯೊಬ್ಬರಿಗೂ ಹೆಸರು ಬರೆದ ಒಂದು ಬಿಲ್ಲೆ; ಬಂದಾಗ ಈ ಹಲಗೆಗೆ, ಹೊರಟಾಗ ಆ ಹಲಗೆಗೆ. ಸಂಬಳದ ಲೆಕ್ಕ ನಡೆಯುತ್ತಿದ್ದುದೂ ಅದರಿಂದಲೇ. ಹದಿನೆಂಟು ತುಂಬದವರದು ಕೆಂಪು ಬಿಲ್ಲೆ. ಸಂಜೆಯ ಗಂಟೆ ಹೊಡೆದ ಮೇಲೆ ಅವರನ್ನು ದುಡಿಸಬಾರದೆಂದು ಕಾನೂನು.

ಕಾನೂನಿನ ಕಣ್ಣಿಗೆ ಬೇಕಾದದ್ದು ಬಿಲ್ಲೆ ತಾನೆ? ಗಂಟೆ ಹೊಡೆದೊಡನೆ ತಾಯಂದಿರೇ ಎದ್ದು ಹೋಗಿ ಮಕ್ಕಳ ಕೆಂಪು ಬಿಲ್ಲೆಗಳನ್ನು ಹೊರಗಿನ ಹಲಗೆಗೆ ತೂಗುಹಾಕಿ ಬರುತ್ತಿದ್ದರು. ಮಕ್ಕಳು ಕೂತಲ್ಲಿಂದ ಏಳುತ್ತಿರಲಿಲ್ಲ. ಆಮೇಲಿನ ದುಡಿಮೆಗೆ ಮೇಸ್ತ್ರಿ ಕೈಗೇ ಕಾಸು ಕೊಡುತ್ತಿದ್ದ. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಿರಲಿಲ್ಲ. ಹೆತ್ತವರ ಕೈಯಿಂದಲೇ ನಡೆದುಹೋಗುವ ತಪ್ಪು ತಪ್ಪಿನಂತೆ ಕಾಣುವುದೇ ಇಲ್ಲ.

ಸಂಬಳ ಬರೆಯಲು ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ಮಾತ್ರ ಇದು ಸರಿಬರಲಿಲ್ಲ.

"ಅಕ್ಕಾ, ಬಿಲ್ಲೆ ಹೊರಗಿದ್ರೆ ಮಗಳು ಮನೇಲಿದ್ದಾಳೆ ಅಂತಲೇ ಲೆಕ್ಕ. ಆ ಹೊತ್ತಲ್ಲಿ ಮಿಷನ್ನಿಗೆ ಕೈ ಸಿಕ್ಕಿದ್ರೆ ಯಾರನ್ನ ಕೇಳ್ತೀರಿ? ಅವಳು ಇಲ್ಲಿ ಇರಲೇ ಇಲ್ಲ ಅಂತಾರೆ."

ಸೊಸೆ ಉತ್ತರಿಸುವ ಮೊದಲೇ ಅತ್ತೆ ಬಾಯಿ ಹಾಕಿದಳು. "ನೀನು ನಿನ್ನೆ ಬಂದವಳು ಕಣಮ್ಮ. ನನ್ನ ಮಗನ ಬಿಲ್ಲೆ ಹೀಗೇ ಬದಲಾಯಿಸಿ ಅವನನ್ನ ಸಾಕಿದೆ. ಏನಾಗಿದೆ ಅವನಿಗೆ? ಲಾರಿ ಓಡಿಸ್ತಾ ಗುಂಡುಕಲ್ಲಿನ ಹಾಗಿದ್ದಾನೆ."

ಅಲ್ಲಿದ್ದವರು ನಕ್ಕರು. ಸೊಸೆಯೂ ನಕ್ಕಳು.

ಅದೇ ವಾರ ಒಂದು ಸಂಜೆ ಸೊಸೆ ಎಂದಿನಂತೆ ಮಗಳ ಬಿಲ್ಲೆ ಬದಲಾಯಿಸಿ ಒಳಗೆ ಬಂದಳು. ಗುಬ್ಬಿ ಡಬ್ಬಿಗಳ ಪೆಟ್ಟಿಗೆ ಎತ್ತಿಕೊಂಡು ಕೋಲ್ಡ್ ರೂಮಿನ ಕಡೆ ಹೊರಟಿದ್ದಳು.

"ಇದೊಂದು ಇಟ್ಟು ಬರ್ತೀನಮ್ಮಾ."

ಅವಳು ಅತ್ತ ಹೋಗಿ ಸ್ವಲ್ಪ ಹೊತ್ತಿಗೆ ತಂಪು ಮಾಡುವ ಗ್ಯಾಸಿನ ಪೈಪು ಒಡೆಯಿತು. ಕಣ್ಣು ಮೂಗು ಸುಡುವ ಗಬ್ಬು ವಾಸನೆ. ಜನ ಒಬ್ಬರನ್ನೊಬ್ಬರು ತಳ್ಳಿಕೊಂಡು ಹೊರಗೋಡಿದರು. ಅಂಗಳದಲ್ಲಿ ಕೆಮ್ಮುತ್ತಾ ಸೊಸೆ ಮಗಳನ್ನು ಹುಡುಕಿದಳು. ಕೂಗಿದಳು. ಮಾತಿಗೆ ಮಾತು ಕೊಡದೆ ಬಿಡದ ಹುಡುಗಿ ಓಗೊಡಲಿಲ್ಲ.

ಮೇಸ್ತ್ರಿ ಹಲಗೆ ನೋಡಿ ತಲೆ ಎಣಿಸುತ್ತಿದ್ದ. ಒಳಗಿನ ಹಲಗೆಯ ಬಿಲ್ಲೆಗಳಿಗೆ ತಕ್ಕ ಜನ ಅಂಗಳದಲ್ಲಿದ್ದರು. ಕೆಂಪು ಬಿಲ್ಲೆಯವರನ್ನು ಎಣಿಸುವ ಮಾತೇ ಇಲ್ಲ. ಹಲಗೆಯ ಲೆಕ್ಕದಲ್ಲಿ ಅವರೆಲ್ಲ ಆಗಲೇ ಮನೆಗೆ ಹೋದವರು.

"ಎಲ್ಲರೂ ಬಂದಿದ್ದಾರೆ ಸಾರ್," ಎಂದ ಅವನು, ಆಗಷ್ಟೇ ಬಂದಿಳಿದ ಅಗ್ನಿಶಾಮಕ ದಳದ ಮುಖಂಡನಿಗೆ.

"ಹಾಗಾದ್ರೆ ಬಾಗಿಲು ಹಾಕಿ. ಗ್ಯಾಸ್ ಬೀದಿಗೆ ಬರೋದು ಬೇಡ."

ಸೊಸೆ ಆ ಕಡೆ ತಿರುಗಿದಳು. ಅತ್ತೆ ಅವಳ ಮುಂಗೈ ಬಿಗಿಯಾಗಿ ಹಿಡಿದು ಪಿಸುಗುಟ್ಟಿದಳು: "ಸುಮ್ಮನಿರು. ಹಿತ್ತಿಲ ಬಾಗಿಲಿಂದ ಬಂದಿರ್ತಾಳೆ. ನೀನು ಬಾಯಿ ಬಿಟ್ರೆ ಎಲ್ಲರ ಅನ್ನಕ್ಕೂ ಕಲ್ಲು." ಸುತ್ತಲಿನ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಸೆರಗಿನ ಮರೆಗೆ ಎಳೆದುಕೊಂಡು ಇವಳನ್ನೇ ನೋಡುತ್ತಿದ್ದರು. ಇವಳು ಒಂದು ಗಳಿಗೆ ಸುಮ್ಮನಿದ್ದೂ ಬಿಟ್ಟಳು. ಆ ಗಳಿಗೆಯನ್ನು ಅವಳು ಸಾಯುವವರೆಗೆ ಮರೆಯುವಂತಿಲ್ಲ.

ಒಂದು ಬಾಗಿಲು ಮುಚ್ಚಿಕೊಂಡಿತು. ಅವಳು ಅತ್ತೆಯ ಕೈ ಕೊಡವಿಕೊಂಡು ಓಡಿದಳು.

"ನನ್ನ ಮಗಳು ಒಳಗಿದ್ದಾಳೆ. ಕೋಲ್ಡ್ ರೂಮಲ್ಲಿ. ಬಿಲ್ಲೆ ಸುಳ್ಳು ಸಾರ್, ಬಿಲ್ಲೆ ಸುಳ್ಳು."

ಮುಖವಾಡ ತೊಟ್ಟ ಇಬ್ಬರು ಒಳನುಗ್ಗಿ ಹುಡುಗಿಯನ್ನು ಹೊತ್ತು ತಂದರು. ಉಸಿರಿತ್ತು. ಆದರೆ ಗಂಟಲು ಸುಟ್ಟಿತ್ತು. ದನಿ ಮರಳುವುದೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು.

ಮರುದಿನ ಆಸ್ಪತ್ರೆಗೆ ಮ್ಯಾನೇಜರು ಬಂದ. ಬಹಳ ಮೆತ್ತಗೆ ಮಾತಾಡಿದ.

"ಕೆಲಸ ಮುಗಿಸಿ ಹೋದವಳು ಮರೆತ ಊಟದ ಡಬ್ಬಿ ತರೋಕೆ ವಾಪಸ್ ಬಂದ್ಳು ಅನ್ನಿ. ಆಸ್ಪತ್ರೆ ಖರ್ಚು ನಾವೇ ನೋಡ್ಕೋತೀವಿ. ಇಲ್ಲದಿದ್ರೆ ನೋಡಿ, ಬಿಲ್ಲೆ ಹೊರಗಿದೆ. ಹೊರಗೆ ತೂಗುಹಾಕಿದ ಕೈ ಯಾವುದು ಅಂತಾನೂ ಕೇಳ್ತಾರೆ."

ಅವನು ಹೋದ ಬೆನ್ನಿಗೇ ಕಾರ್ಮಿಕ ಇಲಾಖೆಯ ಅಧಿಕಾರಿಣಿ ಬಂದು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡರು.

"ಗಂಟೆ ಹೊಡೆದಾಗ ಇವಳು ಎಲ್ಲಿದ್ದಳಮ್ಮ?"

ಜೈಲೋ ದಂಡವೋ, ಸೊಸೆಗೆ ಏನೂ ತಿಳಿಯದು. ಅಷ್ಟರಲ್ಲಿ ಗುಬ್ಬಿ ತಾನೇ ಹೇಳಲು ಬಾಯಿ ತೆರೆದಳು. ತುಟಿ ಆಡಿತು, ಸದ್ದು ಬರಲಿಲ್ಲ. ಹುಡುಗಿ ಹೆದರಿ ಅಮ್ಮನ ಮುಖ ನೋಡಿದಳು.

"ಕೆಲಸದಲ್ಲಿದ್ದಳು," ಎಂದಳು ತಾಯಿ. "ಬಿಲ್ಲೆ ಬದಲಾಯಿಸಿದ್ದು ನಾನು. ದಿನಾ ಬದಲಾಯಿಸ್ತಿದ್ದೆ. ಅಲ್ಲಿರೋ ಎಲ್ಲಾ ಮಕ್ಕಳದ್ದೂ ಇದೇ ಪಾಡು. ನನಗೇನಾದ್ರೂ ಆಗಲಿ, ಅವರನ್ನ ಮೊದಲು ಮನೆಗೆ ಕಳಿಸಿ."

ಅಧಿಕಾರಿಣಿ ಬರೆಯತೊಡಗಿದರು. ಮೂಲೆಯಲ್ಲಿ ಮುದುಡಿ ಕೂತಿದ್ದ ಅಜ್ಜಿ ಗೋಡೆ ಹಿಡಿದು ಎದ್ದು ಬಂದಳು. ಸೊಸೆ ಕಣ್ಣು ಮುಚ್ಚಿಕೊಂಡಳು. ಅತ್ತೆ ಈಗ ಎಲ್ಲ ಹಾಳುಮಾಡುತ್ತಾಳೆ ಎಂದು ಅವಳ ಭಯ.

"ಅವಳಿಗೆ ಅದನ್ನ ಕಲಿಸಿದ್ದು ನಾನು," ಎಂದಳು ಅಜ್ಜಿ. "ಅದನ್ನೂ ಬರ್ಕೊಳ್ಳಮ್ಮ."