ಅಪ್ಪ ಮುಚ್ಚಿದ ತೂತು

ಚಿಕ್ಕಪ್ಪ ಪಡಸಾಲೆಯುದ್ದದ ರತ್ನಗಂಬಳಿಯನ್ನು ಆಗಲೇ ಅರ್ಧ ಸುತ್ತಿಬಿಟ್ಟಿದ್ದರು. ತೀರಿಕೊಂಡ ಅಣ್ಣನ ಮಗಳು ಓಡಿಬಂದು ಉಳಿದರ್ಧದ ಮೇಲೆ ನಿಂತಳು.

“ಇದು ಇಲ್ಲೇ ಇರ್ಲಿ ಚಿಕ್ಕಪ್ಪ. ಅಪ್ಪ ಇದರ ಮೇಲೇ ಹೋಗ್ಲಿ.”

ಹೊರುವವರ ಕಾಲಿಗೆ ತೊಡರುತ್ತದೆ, ನೂರು ವರ್ಷದ ಪರ್ಷಿಯನ್ ಮಾಲು ಹಾಳಾಗುತ್ತದೆ ಎಂದು ಅವರು ಗೊಣಗಿದರು. ಮಾಲಿನ ಮೇಲೆ ಅವರಿಗಿದ್ದ ಗೌರವ ಅಣ್ಣನ ಕಸುಬಿನ ಮೇಲಿರಲಿಲ್ಲ. ನಲವತ್ತು ವರ್ಷ ಬೆನ್ನು ಬಗ್ಗಿಸಿ ಹಳೇ ಗಂಬಳಿ ರಿಪೇರಿ ಮಾಡಿದ, ಇದು ಅವನ ಕೆಲಸ ಅಂತ ತೋರಿಸೋಕೆ ಒಂದಾದರೂ ಇದೆಯಾ ಎಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಯಾರಿಗೋ ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದು ಮೈಯೆಲ್ಲ ಉರಿದುಹೋಗಿತ್ತು.

“ಇದರಲ್ಲಿ ಊಟದ ತಟ್ಟೆಯಷ್ಟು ದೊಡ್ಡ ತೂತಿತ್ತು, ಅಪ್ಪ ಮುಚ್ಚಿದ್ದು” ಎಂದಳು. “ಬನ್ನಿ, ತೋರಿಸ್ತೀನಿ.”

*

ಅವಳಿಗಾಗ ಎಂಟು ವರ್ಷ. ಇಸ್ತ್ರಿಪೆಟ್ಟಿಗೆ ಬಿದ್ದು ಸುಟ್ಟ ಗಂಬಳಿಯನ್ನು ಯಾರೋ ಬೇಡವೆಂದು ಕೊಟ್ಟಿದ್ದರು. ಅಪ್ಪ ರಜೆಯ ದಿನಗಳಲ್ಲಿ ಕಿಟಕಿಯ ಕೆಳಗೆ ಕೂತು, ಸುಟ್ಟ ಜಾಗಕ್ಕೆ ಹೊಸದಾಗಿ ನೂಲು ಕಟ್ಟಿ, ಒಂದೊಂದೇ ಗಂಟು ಹಾಕುತ್ತಿದ್ದ. ಹೊಸ ಉಣ್ಣೆಯನ್ನು ಮಾತ್ರ ಕೈಯಲ್ಲೂ ಮುಟ್ಟುತ್ತಿರಲಿಲ್ಲ. ಅಷ್ಟೇ ವಯಸ್ಸಾದ ಚಿಂದಿ ಗಂಬಳಿಗಳನ್ನು ಹುಡುಕಿ ತಂದು ಎಳೆ ಬಿಚ್ಚುತ್ತಿದ್ದ. ಕೆಂಪಿಗೆ ಕೆಂಪು ಹೊಂದಿಸಿ ಕೊಡುವುದು ಅವಳ ಕೆಲಸ. ಎರಡು ವರ್ಷ ಹಿಡಿಯಿತು. ಮುಗಿದ ದಿನ ಮೂಲೆಯಲ್ಲಿ ನಿನ್ನ ಹೆಸರು ಹಾಕು ಎಂದು ಅವಳು ಹಠ ಹಿಡಿದಳು.

“ನನ್ನ ಕೈ ಕಾಣ್ತು ಅಂದ್ರೆ ಕೆಲಸ ಕೆಟ್ಟ ಹಾಗೆ, ಮಗಳೇ” ಎಂದಿದ್ದ ಅಪ್ಪ.

*

ಮಂಡಿಯೂರಿ ಹುಡುಕಿದಳು. ಆ ಜಾಗ ಬಾಗಿಲ ಹತ್ತಿರವೇ ಇತ್ತೆಂದು ಅವಳಿಗೆ ಖಾತ್ರಿ. ಆದರೆ ಒಂದೇ ಕಡೆ ಸವೆಯದಿರಲೆಂದು ಅಪ್ಪ ವರ್ಷಕ್ಕೊಮ್ಮೆ ಗಂಬಳಿಯನ್ನು ತಿರುಗಿಸಿ ಹಾಸುತ್ತಿದ್ದ. ಸುತ್ತಿದ್ದನ್ನು ಬಿಚ್ಚಿ ನೋಡಿದರೆ ಆ ತುದಿಯಲ್ಲೂ ಸಿಗಲಿಲ್ಲ. ಅವಳಿಗೆ ಅಳು ಒತ್ತರಿಸಿ ಬಂತು.

ಅಪ್ಪ ಕೆಲಸ ಮಾಡುತ್ತಿದ್ದ ಅಂಗಡಿಯ ಯಜಮಾನರು ಒಳಗೆ ಬಂದಿದ್ದು ಆಗಲೇ. ಕಣ್ಣು ಮುಚ್ಚಿ ಸವರಿಯೇ ಗಂಬಳಿಯ ವಯಸ್ಸು ಹೇಳುವ ಆಸಾಮಿ. ವಿಷಯ ತಿಳಿದವರೇ ಕೋಟು ಬಿಚ್ಚಿ, ಗಂಬಳಿ ಮಗುಚಿ, ಹಿಂಬದಿಯ ಗಂಟುಗಳ ಮೇಲೆ ಹೆಬ್ಬೆರಳು ಎಳೆಯುತ್ತ ಹೋದರು. ನಡುವೆ ಒಂದು ಕಡೆ ನಿಂತು, ಹೂವಿನ ಬಣ್ಣ ತಪ್ಪಿದೆ, ಇದೇ ಎಂದರು.

ಅಲ್ಲ ಎಂದಳು ಅವಳು. ಅದು ನೂರು ವರ್ಷದ ಹಿಂದೆ ನೇಯ್ದವನ ತಪ್ಪು, ಅಪ್ಪ ತೋರಿಸಿಕೊಟ್ಟಿದ್ದ.

ಯಜಮಾನರು ಕೊನೆಯ ಕುಚ್ಚಿನವರೆಗೂ ಹೋಗಿ, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

“ನನಗೆ ಸಿಗ್ತಿಲ್ಲಮ್ಮ” ಎಂದರು, ಎಲ್ಲರಿಗೂ ಕೇಳುವಂತೆ. “ನಮ್ಮಂಗಡಿಯ ಗಂಬಳಿಗಳಲ್ಲೂ ನಿಮ್ಮಪ್ಪ ಎಲ್ಲೆಲ್ಲಿ ಕೈಯಿಟ್ಟಿದ್ದಾರೋ ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗೋದೂ ಇಲ್ಲ.”

ಅವಳ ಅಳು ನಿಂತಿತು. ಅಪ್ಪನ ಬಗ್ಗೆ ಅಷ್ಟು ಹೆಮ್ಮೆ ಅವಳಿಗೆ ಯಾವತ್ತೂ ಆಗಿರಲಿಲ್ಲ. ಗಂಬಳಿಯನ್ನು ಮತ್ತೆ ಮಗುಚಿ ನೆಟ್ಟಗೆ ಹಾಸಿದಳು.

ಹೊರುವವರು ಅಪ್ಪನನ್ನು ಹೆಗಲಿಗೇರಿಸಿ ಪಡಸಾಲೆಯ ತುದಿಗೆ ಬಂದು ನಿಂತರು. ಮುಂದೆ ಹೋಗಲು ದಾರಿಯಿರಲಿಲ್ಲ. ಗಂಬಳಿಯ ನಟ್ಟನಡುವೆ ಚಿಕ್ಕಪ್ಪ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಒಂದೊಂದೇ ಹೂವನ್ನು ಅಂಗೈಯಿಂದ ಸವರುತ್ತ ಅಣ್ಣನ ಕೈಗಾಗಿ ಹುಡುಕುತ್ತಿದ್ದರು.