ಗ್ರಾದಿಮಿರನ ಗೋರಿಯ ಮುಂದೆ ಒಂದು ಗುಟುಕು

ಬುದಿಮಿರ್ ಬಾಟಲಿಯ ಬಿರಡೆಯನ್ನು ಹಲ್ಲಿನಿಂದ ಕಿತ್ತು, ತಮ್ಮ ಗ್ರಾದಿಮಿರನ ಗೋರಿಯ ಪಕ್ಕದಲ್ಲೇ ನಿಂತು, ಇದ್ದ ಒಂದೇ ಲೋಟಕ್ಕೆ ಪ್ಲಮ್ ಹಣ್ಣಿನ ಸಾರಾಯಿ ಸುರಿದ. ಲೋಟ ಹಿಡಿದವರು ಎರಡು ಹನಿ ಮಣ್ಣಿಗೆ ಚೆಲ್ಲಿ, ಉಳಿದದ್ದನ್ನು ಸತ್ತವನ ಆತ್ಮಕ್ಕೆಂದು ಕುಡಿದು, ಮತ್ತೆ ತುಂಬಿಸಿ ಮುಂದಿನವರಿಗೆ ದಾಟಿಸುವುದು ಅಲ್ಲಿನ ಪದ್ಧತಿ. ಬೇಡ ಎಂದರೆ ಸತ್ತವನನ್ನೇ ಬೇಡ ಎಂದಂತೆ. ಎಲ್ಲರ ಸರದಿಯೂ ಮುಗಿದು ಲೋಟ ಕೊನೆಗೆ ವಿದೋಯೆಯ ಬಳಿ ಬಂತು.

"ತಗೊಳ್ಳಪ್ಪಾ ಬಾಡಿಗೆಯವ್ನೇ," ಎಂದ ಬುದಿಮಿರ್. "ಇಷ್ಟು ವರ್ಷ ಅವನ ಮನೇಲಿ ಉಂಡೆ. ಅವನಿಗೋಸ್ಕರ ಒಂದು ಗುಟುಕು ಇಳಿಯಲ್ವಾ?"

ಇಪ್ಪತ್ತೆರಡು ವರ್ಷ ಗ್ರಾದಿಮಿರನೊಂದಿಗೆ ಒಂದೇ ಒಲೆ, ಒಂದೇ ಹಾಸಿಗೆ ಹಂಚಿಕೊಂಡವನನ್ನು ಆ ಮನೆಯವರು ಬಾಡಿಗೆಯವನೆಂದೇ ಕರೆಯುತ್ತಿದ್ದರು. ಊರಿಗೆಲ್ಲ ಗೊತ್ತಿದ್ದದ್ದು ಇವರಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತಿರಲು ಪಳಗಿದ ಕೈ ಬೇಕು, ಅದು ಅವರಿಗಿತ್ತು.

ವಾಸನೆ ಮೂಗಿಗೆ ಬಡಿದೊಡನೆ ವಿದೋಯೆಯ ಬಾಯಲ್ಲಿ ನೀರೂರಿತು. ತನ್ನ ಬಾಯಿಯ ಮೇಲೆ ಅವನಿಗೇ ಅಸಹ್ಯವಾಯಿತು, ಭಯವೂ ಆಯಿತು. ಇಲ್ಲಿ ಒಂದು ಗುಟುಕು ಇಳಿದರೆ ಮನೆಗೆ ಹೋದ ಮೇಲೆ ನಿಲ್ಲಿಸಲಾರ. ನಿಲ್ಲಿಸುವವನು ಈಗ ಮಣ್ಣಿನಡಿ ಇದ್ದ.

ಹಿಂದೆ ನಿಂತಿದ್ದ ಗೆಳತಿ ಕೊಸಾರಾ ಅವನ ಕೋಟು ಜಗ್ಗಿದಳು. ಅವಳೂ ಕುಡಿತ ಬಿಟ್ಟವಳೇ. "ಪೂರ್ತಿ ಮಣ್ಣಿಗೆ ಸುರಿದುಬಿಡೋ ಮಾರಾಯ."

"ಕುಡ್ತ ಬಿಟ್ಟಿದ್ದೋನ ಮೈಮೇಲೆ ಹೆಂಗೆ ಸುರೀಲೇ ಇದನ್ನ?"

*

ಕುಡಿತ ಬಿಟ್ಟವರ ಸಭೆಗಳು ಅವರ ಊರು ಸ್ಮೆದೆರೆವೊದಲ್ಲಿ ಮೊದಲೇ ಇದ್ದವು. ಅಲ್ಲಿ ಎಷ್ಟು ಕುಡಿದೆ ಎಂದು ಹೇಳಬಹುದಿತ್ತು, ಯಾರಿಗಾಗಿ ಅತ್ತು ಕುಡಿದೆ ಎಂದು ಹೇಳುವಂತಿರಲಿಲ್ಲ. ಗಂಡಸನ್ನು ಪ್ರೀತಿಸಿದ ಗಂಡಸರು, ಹೆಂಗಸನ್ನು ಪ್ರೀತಿಸಿದ ಹೆಂಗಸರು ಅರ್ಧ ಸತ್ಯ ಹೇಳಿ ಮನೆಗೆ ಹೋಗಿ ಮತ್ತೆ ಬಾಟಲಿ ತೆರೆಯುತ್ತಿದ್ದರು. ಅವರಿಗಾಗಿ ಕೊಸಾರಾ ತನ್ನ ಹೊಲಿಗೆ ಅಂಗಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟಳು.

ವಿದೋಯೆ ಮೊದಲ ಸಲ ಅಲ್ಲಿಗೆ ಬಂದಾಗ ಕೆನ್ನೆ ತುಂಬ ಬ್ಲೇಡಿನ ಗಾಯ. ಆಗಲೇ ಆ ಕೋಣೆಗೆ ಬರುತ್ತಿದ್ದ ಕ್ಷೌರದ ಅಂಗಡಿಯ ಗ್ರಾದಿಮಿರ್ ಅವನ ನಡುಗುವ ಕೈ ನೋಡಿ, "ನಿನ್ ಕತ್ತು ನೀನೇ ಕುಯ್ಕೊಳ್ಳೋಕೆ ಮುಂಚೆ ನನ್ ಅಂಗಡಿಗೆ ಬಾ," ಎಂದ. ಹೋದವನು ಅವನ ಜೊತೆಗೇ ಉಳಿದುಬಿಟ್ಟ.

ವಿದೋಯೆ ಒಮ್ಮೆ ಜಾರಿ ಮತ್ತೆ ಕುಡಿದ. ಮೂರು ದಿನ ಕಾಣೆಯಾಗಿ, ಬೂಟು ಕಳೆದುಕೊಂಡು ಬಂದ. ಗ್ರಾದಿಮಿರ್ ಬೀನ್ಸ್ ಸಾರು ಬಿಸಿ ಮಾಡಿದ.

"ನನ್ ಮೇಲೆ ಕೋಪ ಇಲ್ವಾ?"

"ಬೇಕಾದಷ್ಟಿದೆ. ಮೊದ್ಲು ಉಣ್ಣು."

*

"ಲೋಟಕ್ಕೇನು ಮಂತ್ರ ಹಾಕ್ತಿದ್ದೀಯೇನೋ?" ಎಂದ ಬುದಿಮಿರ್. ಒಂದಿಬ್ಬರು ಕೆಮ್ಮಿದರು.

ಗೋರಿಯ ಬಳಿ ಕುರ್ಚಿಯಲ್ಲಿದ್ದ ಗ್ರಾದಿಮಿರನ ತಾಯಿ ಸ್ತಾಮೆನಾ ಕೋಲೂರಿ ಎದ್ದಳು. ಎಂಬತ್ತು ದಾಟಿದ ಜೀವ. ವಿದೋಯೆಯ ಹೆಸರನ್ನು ಅವಳು ಒಮ್ಮೆಯೂ ಬಾಯಿಗೆ ತಂದವಳಲ್ಲ.

"ಇಲ್ಲಿ ಕೊಡು."

"ನಿಂದಾಯ್ತಲ್ಲಮ್ಮ," ಎಂದ ಬುದಿಮಿರ್.

"ನಂದಾಯ್ತು. ಇದು ವಿದೋಯೆದು. ನನ್ ಮಗ ಕುಡೀದೆ ಬದುಕಿದ್ದು ಯಾರಿಂದ ಅಂದ್ಕೊಂಡಿದ್ದೀ? ಅವನ ಕೈಗೇ ಲೋಟ ಕೊಡ್ತೀಯಲ್ಲೋ, ಗೂಬೆ!"

ಅವಳು ಒಂದು ಹನಿಯನ್ನೂ ಮಣ್ಣಿಗೆ ಬೀಳಿಸದೆ ಲೋಟವನ್ನು ಒಂದೇ ಸಲಕ್ಕೆ ಎತ್ತಿದಳು. ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು, ಕಾಲು ತೊಡರಿತು. ವಿದೋಯೆ ಅವಳ ಎಡತೋಳು ಹಿಡಿದುಕೊಂಡ.

"ಬಿಡ್ಬೇಡ ಕಣೋ, ಬಿದ್ದೇನು," ಎಂದಳು.

ಅವನು ಬಿಡಲಿಲ್ಲ. ಗ್ರಾದಿಮಿರ್ ಸತ್ತು ಮೂರು ದಿನವಾದರೂ ಬಾರದ ಅಳು ಈಗ ಬಂತು.

ಸಂತಾಪ ಹೇಳಲು ಜನ ಸಾಲುಗಟ್ಟಿದರು. ಮುದುಕಿಯ ಬಲಗೈ ಹಿಡಿದವರು ಅವಳಿಗೆ ಆಸರೆಯಾಗಿ ನಿಂತವನನ್ನು ಹಾಗೇ ದಾಟಿ ಹೋಗುವಂತಿರಲಿಲ್ಲ. ಪಾದ್ರಿ ಅವನ ಕೈಯನ್ನೂ ಹಿಡಿದ. ನೆರೆಯವರು ಹಿಡಿದರು. ಆಮೇಲೆ ಬುದಿಮಿರ್ ಬಾಟಲಿಯನ್ನು ಹುಲ್ಲಿನ ಮೇಲಿಟ್ಟು, ಅಂಗೈಯನ್ನು ಕೋಟಿಗೆ ಒರೆಸಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತ.